ತೂನ್ ಸರೋವರಕ್ಕೊಂದು ಬುತ್ತಿ ಗಂಟು

ನನ್ನಲ್ಲಿ ನೂರೆಂಟು ದೋಷಗಳಿರಬಹುದು. ಆದರೆ ಪ್ರವಾಸ ಏರ್ಪಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಾವಿರುವ, ಬರ್ಮಿಂಗ್‌ಹ್ಯಾಮ್ ಮಗ್ಗುಲಿನ ಸೊಲಿಹಲ್ ಸುತ್ತಮುತ್ತ ಯಾರೂ ಇಲ್ಲವೆಂದು ಈ ಜೂನ್ ತಿಂಗಳವರೆಗೂ ನಾನು ದೃಢವಾಗಿ ನಂಬಿದ್ದೆ. ಕಾರು ಕಾರ್ಖಾನೆಯ ಪ್ಲ್ಯಾನಿಂಗ್ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಯಾವ ಬೋಲ್ಟು ಯಾವ ನಿಮಿಷಕ್ಕೆ ಯಾವ ಕೈಗೆ ಸಿಗಬೇಕೆಂದು ನಿದ್ದೆಯಲ್ಲೂ ಹೇಳಬಲ್ಲೆ. ಅಂಥವನಿಗೆ ಒಬ್ಬಳೇ ಒಬ್ಬ ಹೆಂಡತಿಯನ್ನು ಒಂದು ಸರೋವರದ ದಂಡೆಗೆ ತಲುಪಿಸುವುದು ಯಾವ ಮಹಾ ಕೆಲಸ?

ಹೆಂಡತಿ ಗಿರಿಜಾ ಡಾಕ್ಟರು, ಜಿಪಿ, ಎಂದರೆ ಎಲ್ಲ ರೋಗಕ್ಕೂ ಮೊದಲು ನೋಡುವವಳು. ಬೆಳಗಿನಿಂದ ಸಂಜೆಯವರೆಗೆ, ಸರ್ಜರಿ ಎಂದು ಇಲ್ಲಿಯವರು ಹೇಳುವ ದವಾಖಾನೆಯಲ್ಲಿ ಜನರ ಕೆಮ್ಮು ಕೇಳುತ್ತಾಳೆ, ಬೆನ್ನು ಒತ್ತುತ್ತಾಳೆ. ಮನೆಗೆ ಬಂದರೆ ಒಲೆ ಕಾಯುತ್ತಿರುತ್ತದೆ. ಶನಿವಾರ, ಭಾನುವಾರ ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳು. ಅಲ್ಲಿ ಊಟದ ಸಾಲಿನಲ್ಲಿ ನಿಂತವಳ ಮುಂದೆ ಯಾರಾದರೊಬ್ಬರು "ಡಾಕ್ಟ್ರೇ, ಒಂದ್ ನಿಮಿಷ" ಎಂದು ನಾಲಿಗೆ ಚಾಚುತ್ತಾರೆ. ಒಮ್ಮೆ ಒಬ್ಬ ಹಿರಿಯರು ಆಕೆಯ ತಟ್ಟೆಯ ಪಕ್ಕದಲ್ಲೇ ಕಾಲೆತ್ತಿ ಸಾಕ್ಸ್ ಬಿಚ್ಚಿ ತೋರಿಸಿದರು. ಅಂದು ಗಿರಿಜಾ ಪಾಯಸ ಮುಟ್ಟಲಿಲ್ಲ.

ಈ ವರ್ಷ ಆಕೆಗೆ ಐವತ್ತು ತುಂಬಿತು. ಉಡುಗೊರೆ ಏನು ಬೇಕೆಂದು ಕೇಳಿದೆ.

"ಬಂಗಾರ ಬ್ಯಾಡ, ಸೀರಿ ಬ್ಯಾಡ," ಎಂದಳು. "ಮೂರು ದಿನ ನನಗ ಯಾರೂ ಡಾಕ್ಟ್ರೇ ಅನಬಾರದು. ಒಲಿ ಮುಂದ ನಿಂದರಬಾರದು. ಒಂದು ಸಣ್ಣ ಊರು, ಒಂದು ಕೆರಿ, ಒಂದು ಬೋಟು. ಸುಮ್ನ ಕುಂತು ನೀರು ನೋಡಬೇಕು. ಅಷ್ಟ ರೀ."

ಹೀಗೆ ಕೇಳುವಾಗ ಆಕೆಯ ಮುಖ ನೋಡಿಯೇ ಒಪ್ಪಿಬಿಟ್ಟೆ. ಕೊಟ್ಟೆ ಮಾತು ಎಂದೆ. ಆ ರಾತ್ರಿಯಿಂದಲೇ ಭೂಪಟ ಜಾಲಾಡಿ ಸ್ವಿಟ್ಜರ್ಲೆಂಡಿನ ತೂನ್ ಎಂಬ ಊರನ್ನು ಹುಡುಕಿ ತೆಗೆದೆ. ಊರಿನ ಅಂಚಿಗೆ ಸರೋವರ, ಆಚೆ ಹಿಮ ಹೊದ್ದ ಗುಡ್ಡಗಳು, ಊರ ನಡುವೆ ಹಸಿರು ನೀರಿನ ಹೊಳೆ, ದಿಬ್ಬದ ಮೇಲೆ ನಾಲ್ಕು ಮೂಲೆಗೆ ನಾಲ್ಕು ಗೋಪುರವಿರುವ ಬಿಳಿ ಕೋಟೆ. ಭಾನುವಾರ ಹೊರಟರೆ ಸರೋವರವೆಲ್ಲ ಸುತ್ತಿ ಸಂಜೆಗೆ ವಾಪಸು ತರುವ ಹಳೇ ಕಾಲದ ಉಗಿ ಹಡಗು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಕನ್ನಡ ಸಂಘವಿರಲಿಲ್ಲ! ಇದನ್ನು ಗಿರಿಜಾ ಸ್ವತಃ ಹುಡುಕಿ ಖಚಿತಪಡಿಸಿಕೊಂಡ ಮೇಲೆಯೇ ಟಿಕೆಟ್ ತೆಗೆಸಿದ್ದು.

ಸಾಲ್ಫರ್ಡ್‌ನಲ್ಲಿ ಕೆಲಸದಲ್ಲಿರುವ ಮಗಳು ಅನು ಫೋನ್ ಮಾಡಿದಳು. ಇಲ್ಲಿಯೇ ಹುಟ್ಟಿದವಳು. ನಾವು ಕನ್ನಡದಲ್ಲಿ ಬೈದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ.

"ಅಪ್ಪಾ, ಪ್ಲೀಸ್, ಡೋಂಟ್ ಟೆಲ್ ಎನಿವನ್," ಎಂದಳು.

"ನಾನೇನು ಸಣ್ಣ ಹುಡುಗನೇನು?" ಎಂದೆ. ಸಣ್ಣ ಹುಡುಗನಾಗಿದ್ದರೆ ಎಷ್ಟೋ ವಾಸಿಯಿತ್ತು. ಸಣ್ಣ ಹುಡುಗರಿಗೆ 'ಒಲ್ಲೆ' ಎನ್ನಲು ಬರುತ್ತದೆ.

ನಮ್ಮಲ್ಲಿ ಹಬ್ಬಗಳು ಪಂಚಾಂಗದ ಪ್ರಕಾರ ಬರುವುದಿಲ್ಲ, ಹಾಲ್ ಖಾಲಿ ಇರುವ ಪ್ರಕಾರ ಬರುತ್ತವೆ. ಹಾಗಾಗಿ ಈ ವರ್ಷ ಬಸವ ಜಯಂತಿ ತಡವಾಗಿ, ಒಂದು ಚರ್ಚಿನ ಹಾಲ್‌ನಲ್ಲಿ ಬಂದಿತ್ತು. ಸಾರು ಬಡಿಸುತ್ತಿದ್ದವರು ಪಾರ್ವತಕ್ಕ. ಮೂಲತಃ ಬಾಗಲಕೋಟೆಯ ಕಡೆಯವರು, ನಮ್ಮ ಬೀದಿಯಾಚೆಯೇ ಮನೆ, ಬಳಗಕ್ಕೆಲ್ಲ ಹಿರಿಯಕ್ಕ.

"ಸೂಟಿಗೆ ಊರಿಗೆ ಹೊಂಟೀರೇನು ಮಲ್ಲಣ್ಣ?" ಎಂದು ಕೇಳಿದರು.

"ಇಲ್ರೀ ಅಕ್ಕಾ, ಈ ಸಲ ಸ್ವಿಟ್ಜರ್ಲೆಂಡ್. ತೂನ್ ಅಂತ ಒಂದು ಊರು. ನೀವು ಕೇಳಿರಾಕಿಲ್ಲ."

ಪಾರ್ವತಕ್ಕನ ಸೌಟು ಗಾಳಿಯಲ್ಲೇ ನಿಂತಿತು. "ಕೇಳಿರಾಕಿಲ್ಲೇನು? ನಮ್ಮ ವಿದ್ಯಾ ಇರೂದ ಅಲ್ಲಿ!"

ತೂನ್‌ನಲ್ಲಿ ಕನ್ನಡ ಸಂಘ ಇರಲಿಲ್ಲ ನಿಜ. ಪಾರ್ವತಕ್ಕನ ಮಗಳು ಇದ್ದಳು. ಲೂಕಾಸ್ ಎಂಬ ಅಲ್ಲಿಯ ಹುಡುಗನನ್ನೇ ಮದುವೆಯಾಗಿ, ಆ ಸರೋವರದ ದಂಡೆಯಲ್ಲೇ ಮನೆ ಮಾಡಿದ್ದಳು.

"ಆಕೀಗೆ ಈಗ ಏಳು ತಿಂಗಳು," ಎಂದರು ಪಾರ್ವತಕ್ಕ. ಕಣ್ಣಲ್ಲಿ ನೀರು ತುಂಬಿತು. "ನನ್ನ ಮೊಣಕಾಲು ಆಪರೇಶನ್ ಆಗೇತಿ, ಈಗ ವಿಮಾನ ಹತ್ತಬ್ಯಾಡ ಅಂದಾರ. ಆಕೀ ಅತ್ತಿ ಬ್ಯಾಸಿಗ್ಯಾಗ ಆಕಳ ಹೊಡಕೊಂಡು ಗುಡ್ಡ ಹತ್ತಿದ್ರ ಇಳಿಯೂದು ಗಣಪತಿ ಹಬ್ಬದ ಹೊತ್ತಿಗೆ. ಚೊಚ್ಚಲ ಬಸುರಿ, ಮಲ್ಲಣ್ಣ. ತವರಿನ ಬುತ್ತಿ ಮುಟ್ಟಲಿಲ್ಲಂದ್ರ ಹೆಂಗ? ಒಂದ ಸಣ್ಣ ಗಂಟು. ನಿಮಗೇನೂ ಭಾರ ಆಗೂದಿಲ್ಲ."

ನಮ್ಮ ಕಡೆ ಬಸುರಿ ಮಗಳಿಗೆ ತವರಿನಿಂದ ಬುತ್ತಿ ಹೋಗಲೇಬೇಕು, ಹಸಿರು ಬಳೆ ತೊಡಿಸಿ ಉಡಿ ತುಂಬಲೇಬೇಕು. ಕುಬಸ ಎನ್ನುತ್ತೇವೆ. ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಒಂದು ಸ್ವಿಸ್ ಕೂಸಿನ ಕಿವಿ ನನ್ನಿಂದಾಗಿ ಸೋರಬೇಕೇ?

"ಅದಕ್ಕೇನಕ್ಕಾ, ಕೊಡ್ರಿ," ಎಂದಿತು ನನ್ನ ಬಾಯಿ. ಮೆದುಳಿಗೆ ಸುದ್ದಿ ಮುಟ್ಟಿದ್ದು ಆಮೇಲೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೆ. ಯಾರೋ ಬಸಿರಾದರೆ ನನಗೆ ಜಾಗವಿರುವುದಿಲ್ಲ ಎಂದು ಮಾತ್ರ ಗೊತ್ತಿರಲಿಲ್ಲ.

ಸಣ್ಣ ಗಂಟು ಹೊರಡುವ ಹಿಂದಿನ ದಿನ, ಗಿರಿಜಾ ಸರ್ಜರಿಯಲ್ಲಿದ್ದಾಗ ಬಂತು. ಇಬ್ಬರು ಹಿಡಿದು ಇಳಿಸಬೇಕಾಯಿತು. ಗ್ಯಾರೇಜಿನಲ್ಲಿ ಕದ್ದು ಬಿಚ್ಚಿ ನೋಡಿದೆ. ಕಡಕ್ ಜೋಳದ ರೊಟ್ಟಿಯ ಗೋಪುರ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಪುಡಿ, ಮಾದಲಿ, ಮಜ್ಜಿಗೆ ಮೆಣಸಿನಕಾಯಿ, ಡಬ್ಬಿ ತುಂಬ ಪೇಢೆ, ಒಣಕೊಬ್ಬರಿ, ಹಸಿರು ಖಣ, ಹಸಿರು ಗಾಜಿನ ಬಳೆ, ಅರಿಶಿನ ಕುಂಕುಮ. ನಮ್ಮ ಟಿಕೆಟ್ಟೋ ಕೈಚೀಲ ಮಾತ್ರ ಒಯ್ಯುವ ಜಾತಿಯದು. ಕೂಡಿ ಕಳೆದು ಲೆಕ್ಕ ಹಾಕಿದೆ. ಚೀಲದಲ್ಲಿ ಬುತ್ತಿಯಾದರೂ ಇರಬಹುದು, ನನ್ನ ಬಟ್ಟೆಯಾದರೂ ಇರಬಹುದು. ಬಟ್ಟೆ ಮೈಮೇಲೂ ಹೋಗಬಲ್ಲದು, ರೊಟ್ಟಿ ಹೋಗಲಾರದು. ಮರುದಿನ ಬೆಳಿಗ್ಗೆ ಮೂರು ಅಂಗಿ, ಅದರ ಮೇಲೊಂದು ಜಾಕೆಟ್ ತೊಟ್ಟು ಬಾಗಿಲಲ್ಲಿ ನಿಂತೆ.

"ಥಂಡಿ ಜ್ವರ ಬಂದಾವೇನ್ರಿ?" ಎಂದಳು ಗಿರಿಜಾ.

"ಅಲ್ಲಿ ಹಿಮ ಇರತೈತಿ," ಎಂದೆ. ನಮ್ಮ ಹಾಲ್‌ನಲ್ಲೇ ನನಗೆ ಬೆವರು ಇಳಿಯುತ್ತಿತ್ತು.

ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಚೀಲ ಬೆಲ್ಟಿನ ಮೇಲೆ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಗಿ ನಿಂತಿತು. ತೆರೆಯ ಮೇಲೆ ದುಂಡನೆಯ ತಟ್ಟೆಗಳ ರಾಶಿ ಕಂಡು ಅಧಿಕಾರಿಣಿ ಹುಬ್ಬೇರಿಸಿದಳು. ಅಪರಿಚಿತರನ್ನೂ ಪ್ರೀತಿಯಿಂದ 'ಬ್ಯಾಬ್' ಎನ್ನುವುದು ಆ ಊರಿನ ವಾಡಿಕೆ.

"ವಾಟ್ಸ್ ದಿಸ್ ದೆನ್, ಬ್ಯಾಬ್?"

"ಬ್ರೆಡ್," ಎಂದೆ.

ಆಕೆ ಕೈಗವಸಿನ ಬೆರಳಿನಿಂದ ರೊಟ್ಟಿಯನ್ನು ತಟ್ಟಿದಳು. ಟಕ್ ಟಕ್ ಎಂದಿತು. "ಬ್ರೆಡ್?" ಎಂದು ಮತ್ತೆ ಕೇಳಿದಳು. ನಂಬಿಕೆ ಬರಲೆಂದು ಒಂದು ತುಂಡು ಮುರಿದು ಆಕೆಯ ಎದುರೇ ತಿಂದೆ. ಆ ಸದ್ದಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ನನ್ನ ಪತ್ನಿ ಕೂಡ ನೋಡಿದಳು. ನೋಡಿ, ಈ ಮನುಷ್ಯ ಯಾರೋ ತನಗೆ ಗೊತ್ತಿಲ್ಲ ಎಂಬಂತೆ ಕಾಫಿ ಅಂಗಡಿಯ ಕಡೆ ನಡೆದಳು.

"ಏನದು?" ಎಂದು ವಿಮಾನದಲ್ಲಿ ಕೇಳಿದಳು.

"ದಾರಿಗೆ ಬುತ್ತಿ."

"ಎರಡು ತಾಸಿನ ದಾರಿಗೆ?"

ನಾನು ಕಿಟಕಿಯ ಕಡೆ ತಿರುಗಿ ಮೋಡಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಜ್ಯೂರಿಕ್‌ನಲ್ಲಿ ಇಳಿದು ಹೊರಹೋಗುವ ಬಾಗಿಲಿನ ಹತ್ತಿರ ಒಂದು ಫಲಕವಿತ್ತು. ಮಾಂಸದ ಚಿತ್ರಕ್ಕೆ ಅಡ್ಡಗೆರೆ. ಅದಕ್ಕೇನು, ನಾವು ಲಿಂಗವಂತರು. ಅದರ ಪಕ್ಕದಲ್ಲಿ ಹಾಲಿನ ಚಿತ್ರಕ್ಕೂ ಅಡ್ಡಗೆರೆ. ಹತ್ತಿರ ಹೋಗಿ ಓದಿದೆ. ಬ್ರಿಟನ್ನಿನಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲವಂತೆ. ಪೇಢೆ! ಹಾಲು ಕುದಿಸಿ ಕುದಿಸಿ ಮಾಡಿದ, ಪಾರ್ವತಕ್ಕ ಆಪರೇಶನ್ ಆದ ಕಾಲಿನ ಮೇಲೆ ನಿಂತು ಮಾಡಿದ ಪೇಢೆ. ಬಸುರಿ ಹೆಣ್ಣುಮಗಳ ಬುತ್ತಿಯನ್ನು ಕಸದ ಡಬ್ಬಿಗೆ ಹಾಕುವುದು ಪಾಪ. ಕದ್ದು ಒಯ್ಯುವುದು ಅಪರಾಧ. ಪಾಪವೂ ಬೇಡ, ಅಪರಾಧವೂ ಬೇಡ ಎಂದರೆ ಉಳಿದಿದ್ದು ಒಂದೇ ದಾರಿ. ಕಂಬದ ಹಿಂದೆ ನಿಂತು ಡಬ್ಬಿ ತೆರೆದೆ.

ಶೌಚಾಲಯದಿಂದ ಬಂದ ಗಿರಿಜಾ ನನ್ನನ್ನು ಹುಡುಕಿ ತೆಗೆದಾಗ ಡಬ್ಬಿಯ ತಳ ಕಾಣುತ್ತಿತ್ತು. ನನ್ನ ಎರಡೂ ಕೆನ್ನೆಗಳು ಉಬ್ಬಿದ್ದವು.

"ನಿಮ್ಮ ಶುಗರ್ ಎಷ್ಟೈತಿ ಗೊತ್ತೇನು?" ಎಂದಳು. ಆಕೆಯ ಮೂರು ದಿನಗಳ ರಜೆಯ ಮೊದಲ ರೋಗಿ ನಾನೇ ಆದೆ.

ಬಾಯಿಯಲ್ಲಿದ್ದುದನ್ನು ನುಂಗಿ ಎಲ್ಲವನ್ನೂ ಒಪ್ಪಿಕೊಂಡೆ. ಪಾರ್ವತಕ್ಕ, ವಿದ್ಯಾ, ಏಳು ತಿಂಗಳು, ಗಂಟು. ಗಿರಿಜಾ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಆಯಾಸದಿಂದ ನನ್ನನ್ನು ನೋಡಿದಳು.

"ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದಳು. "ನೀವ ತಂದೀರಿ, ನೀವ ಕೊಟ್ಟು ಬರ್ರಿ. ನಾ ಬರಂಗಿಲ್ಲ. ನಾ ಹೋದ್ರ ಆ ಹುಡುಗಿ ಬಿಪಿ ನೋಡಬೇಕು, ಕಾಲು ಬಾವು ನೋಡಬೇಕು, ಆಮ್ಯಾಲೆ ಅವರವ್ವಗ ಫೋನಿನ್ಯಾಗ ಹೇಳಬೇಕು. ಆಕೀಗೆ ಇಲ್ಲಿ ಛಲೋ ಡಾಕ್ಟರು ಅದಾರ. ನನಗ ಇರೂದು ಒಂದ ಬೋಟು."

"ಆತು," ಎಂದೆ. ಆಗ ನೆನಪಾಯಿತು ಮಜ್ಜಿಗೆ ಮೆಣಸಿನಕಾಯಿ. ಅದು ಕಾನೂನಿನ ದೃಷ್ಟಿಯಲ್ಲಿ ಮಜ್ಜಿಗೆಯೋ, ಮೆಣಸಿನಕಾಯಿಯೋ? ಈ ಜಿಜ್ಞಾಸೆಯನ್ನು ನಾನೇ ಹೋಗಿ ಸುಂಕದ ಅಧಿಕಾರಿಯ ಮುಂದಿಟ್ಟೆ. ಅವನು ಪೊಟ್ಟಣಕ್ಕೆ ಮೂಗು ಹಚ್ಚಿದ. ಬಹಳ ಹೊತ್ತು ಸೀನಿದ. ಆಮೇಲೆ ಕಣ್ಣೊರೆಸಿಕೊಳ್ಳುತ್ತ, ಹೋಗಿ ಎಂದು ಕೈ ಮಾಡಿದ.

ಆ ಸಂಜೆ ತೂನ್‌ನಲ್ಲಿ ಎಲ್ಲವೂ ಸರಿಹೋಗುವ ಲಕ್ಷಣ ಕಂಡಿತು. ಹೊಳೆಯ ಮೇಲಿನ ಮರದ ಸೇತುವೆಯಲ್ಲಿ ನಿಂತು ಗಿರಿಜಾ ನೀರು ನೋಡಿದಳು. ಹುಡುಗರು ಹುಡುಗಿಯರು ಸೇತುವೆಯಿಂದ ಹಾರಿ ತೇಲಿಕೊಂಡು ಹೋಗುತ್ತಿದ್ದರು. ನಾನು ಆ ನೀರಿನ ವೇಗದ ಬಗ್ಗೆ, ಹಿಮ ಕರಗುವ ಬಗ್ಗೆ, ಕೋಟೆಯನ್ನು ಕಟ್ಟಿದವರ ಬಗ್ಗೆ ಓದಿಕೊಂಡು ಬಂದಿದ್ದನ್ನೆಲ್ಲ ವಿವರಿಸಿದೆ. ಆಕೆ ಹೂಂ ಹೂಂ ಎನ್ನುತ್ತಿದ್ದಳು. ಸಂತೋಷವಾಗಿದ್ದಾಳೆ ಎಂದುಕೊಂಡೆ.

ಹೋಟೆಲಿಗೆ ಬಂದಾಗ ಪಾರ್ವತಕ್ಕನ ಫೋನು.

"ಮಲ್ಲಣ್ಣ, ನಾಳೆ ಮುಂಜಾನೆ ಹತ್ತಕ್ಕ ಗಿರಿಜಾ ಕೈಲೆ ವಿದ್ಯಾಗ ಬಳಿ ಇಡಸಿ ಉಡಿ ತುಂಬಿಸಿಬಿಡ್ರಿ. ಇಲ್ಲೆ ನಮ್ಮ ಮನ್ಯಾಗ ಎಲ್ಲಾರೂ ಬರಾಕತ್ತಾರ, ವಿಡಿಯೋದಾಗ ನೋಡತೇವಿ. ಶೆಫೀಲ್ಡ್‌ನವರೂ ಬರಾಕತ್ತಾರ."

ಈಗಲಾದರೂ ನಾನು 'ಗಿರಿಜಾ ಬರಂಗಿಲ್ರೀ ಅಕ್ಕಾ' ಎನ್ನಬೇಕಿತ್ತು. ಮೂರೇ ಪದ. "ಆತ್ರೀ," ಎಂದೆ.

ಮರುದಿನ ತಿಂಡಿ ತಿನ್ನುತ್ತ ಮೆಲ್ಲಗೆ ಪೀಠಿಕೆ ಹಾಕಿದೆ. "ಗಿರಿಜಾ, ನೀನೂ ಬಂದ್ರ..."

"ಬಂದ್ರ?"

"ಏನಿಲ್ಲ."

"ಹನ್ನೊಂದಕ್ಕ ಬೋಟು," ಎಂದಳು. "ಸ್ವಿಸ್ ಬೋಟು ರೀ, ನಮ್ಮ ಬಳಗದ ಕಾರ್ಯಕ್ರಮ ಅಲ್ಲ. ನಾ ಫೋನ್ ರೂಮಿನ್ಯಾಗ ಇಟ್ಟು ಹೊಂಟೇನಿ."

ನಾನು ಮನಸ್ಸಿನಲ್ಲೇ ಯೋಜನೆ ಹಾಕಿದೆ. ಹತ್ತಕ್ಕೆ ಉಡಿ, ಹತ್ತೂವರೆಗೆ ಮುಕ್ತಾಯ, ಬಸ್ಸು ಹಿಡಿದು ಹಡಗು. ಗಿರಿಜಾ ಇಲ್ಲವೆಂದು ವಿದ್ಯಾಳೇ ಅವ್ವನಿಗೆ ಹೇಳಿಕೊಳ್ಳಲಿ. ಪ್ಲ್ಯಾನಿಂಗ್ ವಿಭಾಗದವನ ಮೆದುಳು ಎಂದರೆ ಹೀಗಿರಬೇಕು ಎಂದು ನನಗೇ ಹೆಮ್ಮೆಯಾಯಿತು.

ವಿದ್ಯಾಳ ಮನೆ ಸರೋವರಕ್ಕೆ ಮುಖ ಮಾಡಿದ ಕಟ್ಟಡದಲ್ಲಿ, ಮೇಲಿನ ಅಂತಸ್ತಿನಲ್ಲಿತ್ತು. ಗಂಟು ಬಿಚ್ಚಿ ರೊಟ್ಟಿ ಹೊರತೆಗೆದಾಗ ಹುಡುಗಿ ತಡೆಯಲಿಲ್ಲ, ನಿಂತಲ್ಲೇ ಮುರಿದು ಬಾಯಿಗಿಟ್ಟಳು. ಆ ಕಟಂ ಸದ್ದಿಗೇ ಅವಳ ಕಣ್ಣು ತುಂಬಿದವು. "ಇಟ್ ಸ್ಮೆಲ್ಸ್ ಲೈಕ್ ಅವ್ವ," ಎಂದಳು. ಮೂರು ಅಂಗಿಯ ಬೆವರೂ, ಪೇಢೆಯ ಸಕ್ಕರೆಯೂ ಸಾರ್ಥಕವೆನಿಸಿತು.

ಹತ್ತಾಯಿತು. ಫೋನ್ ಬರಲಿಲ್ಲ. ಹತ್ತೂಕಾಲಾಯಿತು. ಬಾಲ್ಕನಿಗೂ ಸೋಫಾಕ್ಕೂ ಓಡಾಡಿದೆ.

"ನಿಮ್ಮವ್ವ ಹತ್ತಕ್ಕ ಅಂದಿದ್ರಲ್ಲವಾ?" ಎಂದೆ.

"ಹತ್ತಕ್ಕೆ ಅಂದ್ರೆ ಅಲ್ಲಿಯ ಹತ್ತು, ಅಂಕಲ್," ಎಂದಳು ವಿದ್ಯಾ. "ಇಲ್ಲಿ ಹನ್ನೊಂದು."

ಇಷ್ಟು ವರ್ಷ ಬೋಲ್ಟುಗಳ ವೇಳೆ ನೋಡಿದವನಿಗೆ ಎರಡು ದೇಶಗಳ ನಡುವೆ ಒಂದು ತಾಸಿನ ಅಂತರವಿರುವುದು ಹೊಳೆದಿರಲಿಲ್ಲ. ಎದ್ದು ಓಡಬೇಕಿತ್ತು. ಆದರೆ ವಿದ್ಯಾ ಆಗಲೇ ಸೀರೆ ಉಟ್ಟು, ಮಲ್ಲಿಗೆಯ ಬದಲು ಕೂದಲಿಗೆ ಬಾಲ್ಕನಿಯ ಗುಲಾಬಿ ಸಿಕ್ಕಿಸಿಕೊಂಡು ಕುಳಿತಿದ್ದಳು. ಲೂಕಾಸ್ ಹೊಸ ಅಂಗಿ ತೊಟ್ಟು ಫೋನ್ ಹಿಡಿದು ನಿಂತಿದ್ದ. ಹೋಗುತ್ತೇನೆ ಎಂದರೆ ಆ ಹುಡುಗಿಯ ಮುಖ ಹೇಗಾದೀತು ಎಂದು ಕುಳಿತೆ. ಊರಿನ ಚರ್ಚುಗಳೆಲ್ಲ ಗಂಟೆ ಬಾರಿಸಿದವು. ದೂರದಲ್ಲಿ ಹಡಗು ಭೋಂ ಎಂದಿತು. ಅದೇ ಕ್ಷಣಕ್ಕೆ ಫೋನು ರಿಂಗಾಯಿತು.

ತೆರೆಯ ತುಂಬ ರೇಷ್ಮೆ ಸೀರೆಗಳು. ನಮ್ಮ ಮಿಡ್‌ಲ್ಯಾಂಡ್ಸ್ ಸೀಮೆಯ ಕನ್ನಡದ ಹೆಂಗಸರೆಲ್ಲ ಪಾರ್ವತಕ್ಕನ ಹಾಲ್‌ನಲ್ಲಿ ಕೂತಿದ್ದರು.

"ಡಾಕ್ಟ್ರು ಎಲ್ಲಿ?" ಎಂದು ಒಂದೇ ಧ್ವನಿಯಲ್ಲಿ ಕೇಳಿದರು.

"ಬರತಾಳ್ರೀ," ಎಂದೆ.

"ಅಲ್ಲೀತನಾ ಬಳಿ ಅಳತಿ ನೋಡ್ರಿ. ಬಸುರ್ಯಾಗ ಕೈ ಬಾತಿರತಾವ."

ವಿದ್ಯಾಳ ಕೈಗೂ ನನ್ನ ಕೈಗೂ ಹೆಚ್ಚು ವ್ಯತ್ಯಾಸವಿಲ್ಲವೆಂದು ಕಂಡು, ಮೊದಲು ನನ್ನ ಕೈಗೇ ಹಾಕಿ ನೋಡೋಣವೆಂದು ಒಂದು ಬಳೆ ಒತ್ತಿದೆ. ಸಲೀಸಾಗಿ ಒಳಗೆ ಹೋಯಿತು. ಹೊರಗೆ ಬರಲು ಒಪ್ಪಲಿಲ್ಲ. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಲೂಕಾಸ್ ಒಂದು ಸಣ್ಣ ಇಕ್ಕಳ ತಂದ. ಅದನ್ನು ಕಂಡು ಅತ್ತ ಹಾಲ್‌ಗೆ ಹಾಲೇ ಎದ್ದು ನಿಂತಿತು.

"ಒಡೀಬ್ಯಾಡ್ರಿ! ಕುಬಸದ ಹಸಿರು ಬಳಿ ಒಡೀಬಾರದು!"

ವಿದ್ಯಾಳ ಕೈಗೆ ಉಳಿದ ಬಳೆಗಳು ಚೆನ್ನಾಗಿಯೇ ಹಿಡಿಸಿದವು. ಅವಳಿಗೆ ಒಂದು ಕಡಿಮೆ, ನನಗೆ ಒಂದು ಹೆಚ್ಚು.

"ಡಾಕ್ಟ್ರು ಇನ್ನೂ ಬರಲಿಲ್ಲಲ್ಲ?" ಎಂದು ಮತ್ತೆ ಕೇಳಿದರು. ನಾನು ಬಾಗಿಲ ಕಡೆ ನೋಡಿದೆ. ವೇಳೆ ಕಳೆಯಲೆಂದು ಅತ್ತ ಸೋಬಾನೆ ಪದ ಶುರುವಾಯಿತು. ಒಬ್ಬರು ಹೇಳಿದರೆ ಇಪ್ಪತ್ತು ಜನ ಸೊಲ್ಲೆತ್ತಿ ಹಾಡುತ್ತಿದ್ದರು. ಪಾರ್ವತಕ್ಕನ ಮಾತು ಚೆನ್ನಾಗಿ ಕೇಳಲೆಂದು ಲೂಕಾಸ್ ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿದ್ದ. ಸ್ವಿಟ್ಜರ್ಲೆಂಡಿನ ಭಾನುವಾರ ಎಂದರೆ ಬಟ್ಟೆ ಒಗೆಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಸೋಬಾನೆ ಪದದ ಬಗ್ಗೆ ನಿಯಮ ಇನ್ನೂ ಆಗಿರಲಿಕ್ಕಿಲ್ಲ.

ಕರೆಗಂಟೆ ಸದ್ದು ಮಾಡಿತು. ಗಿರಿಜಾ ಮನಸ್ಸು ಬದಲಿಸಿ ಬಂದಳೆಂದು ಓಡಿಹೋಗಿ ತೆರೆದೆ. ಬಾಗಿಲಲ್ಲಿ ಕೆಳಗಿನ ಮನೆಯ ಅಜ್ಜಿ. ಬೆಳ್ಳಿ ಕೂದಲು, ಇಸ್ತ್ರಿ ಮಾಡಿದ ಸ್ಕರ್ಟು, ಕೆಂಪಗಾದ ಮುಖ.

"ಇವತ್ತು ಭಾನುವಾರ," ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದರು.

ಹಾಡು ನಿಂತಿತು. ಸ್ಪೀಕರಿನಿಂದ ಪಾರ್ವತಕ್ಕನ ಧ್ವನಿ ಬಂತು. "ಯಾರ ಆಕೀ? ಹೆಣಮಗಳಾ? ಹಿರ್ಯಾಕೀನ? ಮಲ್ಲಣ್ಣ, ಡಾಕ್ಟ್ರು ಬರೂಹಂಗ ಕಾಣಂಗಿಲ್ಲ. ಆಕೀ ಕೈಲೇನ ಉಡಿ ತುಂಬಸ್ರಿ. ಆಕೀ ಗಂಡ ಅದಾನೇನ ಕೇಳ್ರಿ."

"ಅವ್ವಾ! ಐ ಆಮ್ ನಾಟ್ ಆಸ್ಕಿಂಗ್ ಹರ್ ದಟ್," ಎಂದಳು ವಿದ್ಯಾ.

"ನೀ ಕೇಳಬ್ಯಾಡ. ಮಲ್ಲಣ್ಣ ಕೇಳತಾರ."

ಮಲ್ಲಣ್ಣ ಕೇಳುತ್ತಾನೆ. ಮಲ್ಲಣ್ಣ ಯಾವತ್ತು ಯಾವುದಕ್ಕೆ ಒಲ್ಲೆ ಎಂದಿದ್ದಾನೆ? ಒಂದು ಕೈಗೆ ಹಸಿರು ಬಳೆಯಿದ್ದ, ಎಣ್ಣೆ ಸುರಿಯುತ್ತಿದ್ದ ನಾನು, ಗದ್ದಲ ನಿಲ್ಲಿಸಿ ಎನ್ನಲು ಬಂದ ಆ ಹಿರಿಯ ಮಹಿಳೆಯನ್ನು ಬಹಳ ವಿನಯದಿಂದ ಕೇಳಿದೆ.

"ಮೇಡಂ, ನಿಮ್ಮ ಗಂಡ ಬದುಕಿದ್ದಾರೆಯೇ?"

ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದರು. ನಂತರ ನನ್ನ ಮುಖ ನೋಡಿ ಅಪಾಯವಿಲ್ಲವೆಂದು ಕಂಡಿರಬೇಕು. "ಇಲ್ಲ," ಎಂದರು ಮೆಲ್ಲಗೆ. "ತೀರಿಕೊಂಡು ಬಹಳ ವರ್ಷವಾಯಿತು. ಯಾಕೆ?"

"ಏನಂತ?" ಎಂದಿತು ಸ್ಪೀಕರು. "ಅದಾನಂತೇನು?"

ನನ್ನ ಜೀವಮಾನದಲ್ಲಿ 'ಇಲ್ಲ' ಎಂಬ ಪದವನ್ನು ಹೇಳಲು ಬಾರದೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂದು ಮಾತ್ರ ಆ ರೋಗ ಕೈಹಿಡಿಯಿತು.

"ಅದಾನ್ರೀ ಅಕ್ಕಾ," ಎಂದೆ. "ಗಟ್ಟಿ ಅದಾನ."

ವಿದ್ಯಾ ನನ್ನತ್ತ ನೋಡಿದಳು. ಎದ್ದು ಬಂದು ಅಜ್ಜಿಯ ಕೈ ಹಿಡಿದು ಒಳಗೆ ಕರೆದಳು. ಅವರ ಭಾಷೆಯಲ್ಲಿ ಏನೋ ವಿವರಿಸಿದಳು. ಅಜ್ಜಿಯ ಮುಖದ ಕೆಂಪು ಇಳಿಯಿತು. ಅಡುಗೆಮನೆಯ ಸಿಂಕಿನಲ್ಲಿ ಕೈ ತೊಳೆದು ಬಂದರು. ಹಸಿರು ಖಣ, ಕೊಬ್ಬರಿ, ಅಕ್ಕಿಯನ್ನು ಪಾರ್ವತಕ್ಕ ಹೇಳಿದ ಕ್ರಮದಲ್ಲೇ ಹುಡುಗಿಯ ಸೆರಗಿಗೆ ಹಾಕಿದರು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಅತ್ತ ಪಾರ್ವತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಇತ್ತ ಅಜ್ಜಿಯೂ ಒರೆಸಿಕೊಂಡರು. ತಮಗೆ ಮಕ್ಕಳಿಲ್ಲ, ಇಂಥದ್ದಕ್ಕೆ ತಮ್ಮನ್ನು ಯಾರೂ ಯಾವತ್ತೂ ಕರೆದಿರಲಿಲ್ಲ ಎಂದರು.

"ಆಕೀ ಗಂಡನ್ನೂ ಊಟಕ್ಕ ಕರೀರಿ ಮತ್ತ," ಎಂದರು ಪಾರ್ವತಕ್ಕ.

"ಮಲಗ್ಯಾನ್ರೀ."

"ಇಷ್ಟೊತ್ತಿನ ಮಟಾ? ಆರಾಮ ಇಲ್ಲೇನು? ಗಿರಿಜಾಗ ತೋರಸ್ರಿ!"

ಅಷ್ಟರಲ್ಲಿ, ಆಚೆ ದಂಡೆಯ ಕಟ್ಟೆಗಳಲ್ಲೆಲ್ಲ ನಿಂತು ನಿಂತು, ದೇವರ ಹಾಗೆ ಹಡಗು ಬಂತು. ಬಿಳಿ ಹಡಗು, ಕಪ್ಪು ಹೊಗೆಕೊಳವೆ, ಬಾಲ್ಕನಿಯ ಎದುರಿಗೇ ಸಾಗುತ್ತಿತ್ತು. ಮುಂಭಾಗದ ಬೆಂಚಿನಲ್ಲಿ ಹಳದಿ ಸ್ಕಾರ್ಫ್ ಸುತ್ತಿದ ಒಬ್ಬಳೇ ಹೆಂಗಸು. ನಾನು ಕೈ ಬೀಸಿದೆ. ಬಳೆ ಬಿಸಿಲಿಗೆ ಹೊಳೆದಿರಬೇಕು, ಗಿರಿಜಾ ಇತ್ತ ತಿರುಗಿದಳು. ಹಿಂದೆಯೇ ಬಂದ ಲೂಕಾಸ್ ಫೋನನ್ನು ಹಡಗಿನ ಕಡೆ ಹಿಡಿದ.

"ಡಾಕ್ಟ್ರೇ! ಡಾಕ್ಟ್ರೇ!" ಎಂದು ಮಿಡ್‌ಲ್ಯಾಂಡ್ಸಿಗೆ ಮಿಡ್‌ಲ್ಯಾಂಡ್ಸೇ ಕೂಗಿತು.

ಪುಣ್ಯಕ್ಕೆ ಹಡಗಿಗೆ ಕೇಳಿಸಲಿಲ್ಲ. ಆಕೆ ನಿಧಾನವಾಗಿ ಕೈಯೆತ್ತಿ ಬೀಸಿದಳು. ಆಮೇಲೆ ನೀರಿನ ಕಡೆ ತಿರುಗಿದಳು. ಹಡಗು ದೊಡ್ಡ ಗುಡ್ಡಗಳ ಕಡೆ ಹೋಗಿ ಸಣ್ಣದಾಯಿತು. ಆಕೆಯ ಪಕ್ಕದ ಖಾಲಿ ಜಾಗ ನೋಡಿ ನನಗೆ ಅಳು ಬರುವುದೊಂದೇ ಬಾಕಿ. ಐವತ್ತು ವರ್ಷಕ್ಕೊಮ್ಮೆ ಆ ಜೀವ ಕೇಳಿದ್ದನ್ನೂ ಕೊಡಲಾಗಲಿಲ್ಲವಲ್ಲ ಎನಿಸಿತು.

ಸಂಜೆ ಹಡಗುಕಟ್ಟೆಯ ಬೆಂಚಿನ ಮೇಲೆ ಕಾದು ಕುಳಿತೆ. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡಿದ್ದೆ. ಹಡಗು ಬಂದು ನಿಂತಿತು, ಗಿರಿಜಾ ಇಳಿದಳು. ಮದುವೆಯಾದ ಹೊಸತರಲ್ಲಿ ಕಂಡಿದ್ದ ಮುಖ ಅದು. ನಾನು ಎದ್ದು ನಿಂತೆ.

"ಗಿರಿಜಾ, ನಿನ್ನ ದಿನ ಹಾಳು ಮಾಡಿದೆ. ನನ್ನ ಮಾತು ನಡಸಾಕ ಆಗಲಿಲ್ಲ."

"ಯಾರ ಹೇಳಿದ್ರು?" ಎಂದಳು. ಪಕ್ಕದಲ್ಲಿ ಕುಳಿತು ಚಪ್ಪಲಿ ಬಿಚ್ಚಿ ಕಾಲು ಚಾಚಿದಳು. "ಎಷ್ಟು ಶಾಂತ ಇತ್ತು ಗೊತ್ತೇನ್ರಿ. ಆ ಗುಡ್ಡ ಎಷ್ಟು ಎತ್ತರ ಐತಿ, ಬೋಟಿನ ಎಂಜಿನ್ ಹೆಂಗ ನಡೀತೈತಿ, ನೀರು ಎಲ್ಲಿಂದ ಬರತೈತಿ, ಒಬ್ಬರೂ ಹೇಳಲಿಲ್ಲ. ಬಾಜೂಕ ನಿಮ್ಮ ಜಾಗ ಖಾಲಿ ಇತ್ತು, ಅಲ್ಲಿ ಚೀಲ ಇಟ್ಟಿದ್ದೆ. ಇಡೀ ದಿನ ಅದು ಒಂದ ಮಾತಾಡಲಿಲ್ಲ."

ಆಗ ಆಕೆಯ ದೃಷ್ಟಿ ನನ್ನ ಕೈಮೇಲೆ ಬಿತ್ತು.

"ಇದೇನ್ರಿ ಬಳಿ?"

ಎಲ್ಲವನ್ನೂ ಹೇಳಿದೆ. 'ಗಟ್ಟಿ ಅದಾನ' ಎಂಬಲ್ಲಿಗೆ ಬಂದಾಗ ಗಿರಿಜಾ ಬೆಂಚಿನ ಕೈ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವಿನ ಸಂದು ನೋಡಿ ಕೈ ಮುಂದೆ ಚಾಚಿದೆ.

"ಇದನ್ನೊಂದು ಒಡೀದಂಗ ತಗದ ಕೊಡ. ನೀ ಡಾಕ್ಟರಲ್ಲ?"

"ನಾ ರಜಾದಾಗ ಅದೇನಿ," ಎಂದಳು.

ಹೀಗಾಗಿ ಆ ಬಳೆ ನನ್ನೊಡನೆ ಕೋಟೆ ನೋಡಿತು, ರೈಲು ಹತ್ತಿತು, ಬರ್ಮಿಂಗ್‌ಹ್ಯಾಮಿನಲ್ಲಿ ಪಾಸ್‌ಪೋರ್ಟಿನವನ ಎದುರು ಗಲ್ ಎಂದಿತು. ಸೋಮವಾರ ಸಂಜೆ ಮನೆಯ ಬಾಗಿಲು ದಾಟಿದ ಮೇಲೆಯೇ ಗಿರಿಜಾ ನನ್ನ ಹೆಬ್ಬೆರಳಿನ ಬುಡ ಒತ್ತಿ, ಅದನ್ನು ಒಂದೇ ನಿಮಿಷದಲ್ಲಿ ಜಾರಿಸಿ ತೆಗೆದದ್ದು.

ಮುಂದಿನ ತಿಂಗಳು ಬಳಗದ ಪಿಕ್‌ನಿಕ್. ಇನ್ನು ಮೇಲೆ ಯಾರು ಏನೇ ಕೇಳಿದರೂ ಆಗುವುದಿಲ್ಲ ಎನ್ನಲೇಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಮಜ್ಜಿಗೆಯ ಲೋಟ ಹಿಡಿದು ಹೆಂಗಸರ ಗುಂಪಿನ ಹತ್ತಿರ ಬಂದಾಗ ಗಿರಿಜಾಳ ಧ್ವನಿ ಕೇಳಿಸಿತು. ಚಾಪೆಯ ನಡುವೆ ಕುಳಿತು ಎಲ್ಲರನ್ನೂ ವಿಚಾರಿಸುತ್ತಿದ್ದಳು.

"ಬರೂ ವರ್ಷ ನಾವು ಇಟಲಿ ಕಡೆ ಕೆರಿ ನೋಡಾಕ ಹೊಂಟೇವ್ರಿ. ಅಲ್ಲಿ ನಿಮ್ಮವರು ಯಾರರ ಅದಾರೇನು? ಏನರ ಕಳಸೂದಿದ್ರ ಕೊಡ್ರಿ, ನಮ್ಮ ಮನಿಯವರು ಒಯ್ತಾರ. ಸಣ್ಣ ಗಂಟ ಆಗಬೇಕಂತೇನೂ ಇಲ್ಲ."